ಹಳೆಯ ಕಂಪ್ಯೂಟರಿಗೆ ಮರಣಪತ್ರ ಬರೆಯುವವರು

ಎಂಟು-ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಒಂದನ್ನು ಅಂಗಡಿಗೆ ಒಯ್ದು, 'ಆನ್‌ಲೈನ್ ಗೇಮ್ ಆಡುವಾಗ ತಡೆತಡೆದು ಓಡುತ್ತೆ, ಏನು ಮಾಡಬಹುದು?' ಎಂದು ಕೇಳಿ ನೋಡಿ. ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯದೆ ಉತ್ತರ ಬರುತ್ತದೆ: 'ಇದರ ಕಾಲ ಮುಗೀತು, ಹೊಸದು ತಗೊಳ್ಳಿ.' ಇದೇ ಪ್ರಶ್ನೆಯನ್ನು ಸಾಹಿತ್ಯದ ಗೆಳೆಯರ ಮುಂದಿಟ್ಟರೆ ಇನ್ನೊಂದು ಉತ್ತರ: 'ಪಿಎಚ್‌ಡಿ ಮಾಡೋನಿಗೆ ಗೇಮ್ ಯಾಕಪ್ಪಾ?' ಈ ಎರಡೂ ಉತ್ತರಗಳ ಜೊತೆ ನನಗೆ ಜಗಳವಿದೆ. ಒಬ್ಬರು ಯಂತ್ರವನ್ನು ನೋಡದೆ ತೀರ್ಪು ಕೊಡುತ್ತಾರೆ, ಇನ್ನೊಬ್ಬರು ಆಟವನ್ನು ನೋಡದೆ.

ಎರಡನೆಯವರದನ್ನು ಮೊದಲು ಮುಗಿಸಿಬಿಡುತ್ತೇನೆ. ಕೇರಂ ಬೋರ್ಡಿಗೆ ಪೌಡರ್ ಹಾಕಿಕೊಂಡು ಮಧ್ಯರಾತ್ರಿಯವರೆಗೆ ಕೂತ ತಲೆಮಾರಿಗೆ, ಐವರು ಐವರ ಎದುರು ಸೇರಿ ಆಡುವ ಡೋಟಾ 2 ಯಾಕೆ ಇಷ್ಟು ಕೀಳಾಗಿ ಕಾಣುತ್ತದೋ ತಿಳಿಯದು. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳನ್ನೂ ಇವನ್ನೂ ಒಂದೇ ಗಂಟಿಗೆ ಕಟ್ಟಿ 'ಆನ್‌ಲೈನ್ ಗೇಮ್' ಎಂದು ಮೂಗು ಮುರಿಯುವುದು ಸೋಮಾರಿತನ. 2025ರಲ್ಲಿ ಸಂಸತ್ತು ತಂದ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಹೂಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಸರ್ಕಾರಕ್ಕೇ ಕಂಡ ವ್ಯತ್ಯಾಸ ವಿಮರ್ಶಕರಿಗೆ ಕಾಣಬಾರದೆ?

ಈಗ ಅಂಗಡಿಯ ಉತ್ತರಕ್ಕೆ ಬರೋಣ. ನನ್ನ ಹಾಸ್ಟೆಲಿನ ಜೂನಿಯರ್ ಒಬ್ಬನ ಕಂಪ್ಯೂಟರಿಗೂ ಹೀಗೇ ಮರಣಪತ್ರ ಸಿಕ್ಕಿತ್ತು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5, ಎಂಟು ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಹಳೆಯ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1050 ಟಿಐ ಕಾರ್ಡ್. ಹೊಸದಕ್ಕಾಗಿ ಅವನ ಅಪ್ಪ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕುವವರಿದ್ದರು. ಫೆಲೋಶಿಪ್ ಯಾವ ತಿಂಗಳು ಬರುತ್ತದೆಂದು ಗೊತ್ತಿಲ್ಲದೆ ಬದುಕುವ ನನ್ನಂಥವನಿಗೆ ಆ 'ಹೊಸದು ತಗೊಳ್ಳಿ' ಎಂಬ ಮಾತು ಎಷ್ಟು ಭಾರವೆಂದು ಗೊತ್ತು.

ಮುಚ್ಚಳ ತೆಗೆದೆವು. ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಶಾಖ ದಾಟಿಸುವ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಆಟ ಶುರುವಾದ ಹತ್ತು ನಿಮಿಷಕ್ಕೆ ಬಿಸಿ 95 ಡಿಗ್ರಿ ದಾಟುತ್ತಿತ್ತು. ಅಷ್ಟು ಬಿಸಿಯಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದನ್ನೇ ನಾವು 'ಹಳತಾಯಿತು' ಎನ್ನುತ್ತೇವೆ. ಬ್ರಷ್‌ನಿಂದ ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿದ ಮೇಲೆ ಬಿಸಿ 70ರ ಆಸುಪಾಸಿಗೆ ಇಳಿಯಿತು. ಮುಂದಿನದು ರ‍್ಯಾಮ್. ಆ ಮದರ್‌ಬೋರ್ಡಿಗೆ ಎರಡು ದಾರಿಗಳಲ್ಲಿ ಒಟ್ಟಿಗೆ ಮೆಮೊರಿ ಓದುವ ಶಕ್ತಿ ಇತ್ತು. ಒಂದೇ ಕಡ್ಡಿ ಇದ್ದದ್ದರಿಂದ ಅರ್ಧ ರಸ್ತೆ ಬಂದ್ ಆಗಿತ್ತು. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಡಿಡಿಆರ್3 ಕಡ್ಡಿ ಇನ್ನೊಂದು ತರಿಸಿದೆವು. ಹಾರ್ಡ್ ಡಿಸ್ಕಿನ ಜಾಗಕ್ಕೆ ಒಂದು ಸಾಟಾ ಎಸ್‌ಎಸ್‌ಡಿ. ಎಸ್‌ಎಸ್‌ಡಿ ಫ್ರೇಮುಗಳ ಸಂಖ್ಯೆಯನ್ನೇನೂ ದೊಡ್ಡದಾಗಿ ಏರಿಸದು. ಆದರೆ ಆಟದ ನಡುವೆ ಡಿಸ್ಕಿನಿಂದ ಏನೋ ಓದಲು ಹೋಗಿ ಪರದೆ ಅರೆಕ್ಷಣ ಹೆಪ್ಪುಗಟ್ಟುತ್ತಿತ್ತಲ್ಲ, ಅದು ನಿಂತಿತು. ಎಲ್ಲ ಸೇರಿ ಐದು ಸಾವಿರ ರೂಪಾಯಿಯೂ ಆಗಲಿಲ್ಲ. ಡೋಟಾ 2 ಸೆಕೆಂಡಿಗೆ 60 ಫ್ರೇಮಿನ ಹತ್ತಿರ ನಿಂತು ಓಡಿತು.

ಆದರೂ ಅವನು 'ಲ್ಯಾಗ್ ಇದೆ' ಎಂದ. ಇಲ್ಲೇ ಹೊಸ ಕಂಪ್ಯೂಟರ್ ಮಾರುವವರಿಗೆ ದೊಡ್ಡ ಅನುಕೂಲ ಇರುವುದು. ಲ್ಯಾಗ್ ಎಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಕಾಯಿಲೆಗಳನ್ನು ಕರೆಯುತ್ತೇವೆ. ಒಂದು, ಯಂತ್ರ ಚಿತ್ರ ಬಿಡಿಸಲು ತಗೊಳ್ಳುವ ಹೊತ್ತು: ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಇನ್ನೊಂದು ಪಿಂಗ್, ಅಂದರೆ ನಮ್ಮ ಕ್ಲಿಕ್ ಸರ್ವರ್ ತಲುಪಿ ಉತ್ತರ ಹಿಂದಿರುಗುವ ಹೊತ್ತು. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರ ನೇರ ಗೆರೆಯಲ್ಲೇ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಹೋಗಿ ಬರುವುದಕ್ಕೆ 30 ಮಿಲಿಸೆಕೆಂಡಿಗಿಂತ ಕಡಿಮೆ ಆಗಲು ಭೌತಶಾಸ್ತ್ರವೇ ಬಿಡದು. ಎರಡು ಲಕ್ಷದ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಇದರಲ್ಲಿ ಒಂದು ಮಿಲಿಸೆಕೆಂಡ್ ಇಳಿಯುವುದಿಲ್ಲ. ಹುಡುಗನ ಆಟ ಸಿಂಗಪುರದ ಸರ್ವರಿಗೆ ಹೊಂದಿಸಿಕೊಂಡಿತ್ತು, ಕೋಣೆಯೋ ವೈಫೈ ರೂಟರಿನಿಂದ ಕಾರಿಡಾರಿನ ಇನ್ನೊಂದು ತುದಿಯಲ್ಲಿ. ಸರ್ವರನ್ನು ಭಾರತಕ್ಕೆ ಬದಲಿಸಿ, ಕಿಟಕಿಯ ಸಂದಿನಿಂದ ಲ್ಯಾನ್ ಕೇಬಲ್ ಎಳೆದೆವು. (ಕೇಬಲ್ ಕಂಡ ವಾರ್ಡನ್ ಕೊಟ್ಟ ನೋಟೀಸು ಇನ್ನೊಂದು ಪ್ರಬಂಧಕ್ಕೆ ವಸ್ತು.)

ಹಾಗಾದರೆ ಹಳೆಯದಕ್ಕೆ ಮಿತಿಯೇ ಇಲ್ಲವೆ? ಇದೆ. ನಾಲ್ಕು ಕೋರಿನ ಪ್ರೊಸೆಸರ್ ನಾಲ್ಕು ಕೋರಿನದೇ. ಕೌಂಟರ್-ಸ್ಟ್ರೈಕ್ 2ರಂಥ ಆಟ ಅದರ ಬೆವರಿಳಿಸುತ್ತದೆ, ಅದಕ್ಕಿಂತ ಬಹಳ ಮೇಲಿನ ಪ್ರೊಸೆಸರನ್ನು ಆ ಮದರ್‌ಬೋರ್ಡ್ ಒಪ್ಪುವುದೂ ಇಲ್ಲ. ಇಂಥ ಮಿತಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಯಂತ್ರಕ್ಕೆ ಶಕ್ತಿಯಿದ್ದರೂ ದೂರದಲ್ಲೆಲ್ಲೋ ಕೂತು ಎಳೆಯುವ ಗೆರೆಯ ಮೇಲೆ.

2021ರಲ್ಲಿ ಬಂದ ವಿಂಡೋಸ್ 11 ಯಾವ ಪ್ರೊಸೆಸರುಗಳನ್ನು ಒಪ್ಪುತ್ತದೆ ಎಂಬ ಪಟ್ಟಿಯನ್ನು ಮೈಕ್ರೋಸಾಫ್ಟೇ ಪ್ರಕಟಿಸಿದೆ. 2017ರ ರೈಜೆನ್ 7 1700, ಎಂಟು ಕೋರ್, ಹದಿನಾರು ಥ್ರೆಡ್, ಪಟ್ಟಿಯಲ್ಲಿ ಅದಿಲ್ಲ. ಎರಡೇ ಕೋರಿನ, ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುವ ಸೆಲೆರಾನ್ ಎನ್4020 ಇದೆ. ಅಲ್ಲಿಗೆ 'ಹಳತು' ಎಂಬ ಮಾತಿಗೂ ಶಕ್ತಿಗೂ ಸಂಬಂಧ ಕಡಿದುಹೋಯಿತು. ಭದ್ರತೆಗಾಗಿ ಎನ್ನುತ್ತಾರೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಅದೇ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವನ್ನು ನಿಲ್ಲಿಸಿತು. ಮುಂದೆ ಭದ್ರತೆಯ ತೇಪೆ ಬೇಕಾದವರು ಬೇರೆ ಯೋಜನೆಗೆ ಹೆಸರು ನೋಂದಾಯಿಸಬೇಕು, ಅದೂ ಗಡುವಿರುವ ಯೋಜನೆ. ಭದ್ರತೆಯ ಹೆಸರಲ್ಲಿ ಯಂತ್ರವನ್ನು ಹೊರಗಿಟ್ಟು, ಹೊರಗಿಟ್ಟ ಯಂತ್ರಕ್ಕೆ ಭದ್ರತೆ ಕೊಡುವುದಿಲ್ಲವೆನ್ನುವುದು ಯಾವ ನ್ಯಾಯ?

ಆಟಗಳೂ ಈ ಗೆರೆಯನ್ನೇ ಹಿಡಿದಿವೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಟಿಪಿಎಂ 2.0 ಚಿಪ್ ಮತ್ತು ಸೆಕ್ಯೂರ್ ಬೂಟ್ ಕಡ್ಡಾಯ. ಮೋಸಗಾರರನ್ನು ತಡೆಯಲು ಎಂಬ ಸಮರ್ಥನೆಯನ್ನು ಒಪ್ಪುತ್ತೇನೆ, ಗೋಡೆಯಾಚೆ ಕಾಣುವ ತಂತ್ರಾಂಶ ಹಾಕಿಕೊಂಡು ಆಡುವವರಿಂದ ಸೋತವರಿಗೆ ಆ ನೋವು ಗೊತ್ತು. ಆದರೆ ಮೋಸ ತಡೆಯುವ ಹೊರೆ ಆಟಗಾರನ ಜೇಬಿನ ಮೇಲೆ ಯಾಕೆ? ಲಿನಕ್ಸ್ ಹಾಕಿಕೊಳ್ಳಿ ಎಂದು ನಾನು ಹಲವರಿಗೆ ಹೇಳುತ್ತೇನೆ, ಡೋಟಾ 2, ಕೌಂಟರ್-ಸ್ಟ್ರೈಕ್ 2 ಅದರ ಮೇಲೆ ನೇರವಾಗಿ ಓಡುತ್ತವೆ; ವ್ಯಾಲರಂಟ್ ಓಡುವುದಿಲ್ಲ. ಗೆಳೆಯರೆಲ್ಲ ವ್ಯಾಲರಂಟ್ ಆಡುತ್ತಿರುವ ಹುಡುಗನಿಗೆ ಲಿನಕ್ಸ್‌ನ ಸ್ವಾತಂತ್ರ್ಯ ತಗೊಂಡು ಏನಾಗಬೇಕು?

ಇಷ್ಟರ ನಡುವೆ, ಎಐ ಡೇಟಾ ಸೆಂಟರುಗಳ ಹಸಿವಿನಿಂದ 2025ರ ಕೊನೆಯ ತಿಂಗಳುಗಳಲ್ಲಿ ಹೊಸ ರ‍್ಯಾಮಿನ ಬೆಲೆ ಜಿಗಿಯಿತು. ಹೊಸದು ದುಬಾರಿ, ಹಳೆಯದು ಅಮಾನ್ಯ. ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು?

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಕೊನೆಗೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳೂ ಜಾರಿಯಲ್ಲಿವೆ. ಒಂದು ಸ್ಕ್ರೂ ಬಿಚ್ಚುವ ಹಕ್ಕಿನ ಬಗ್ಗೆ, ಇನ್ನೊಂದು ಎಸೆದ ಮೇಲಿನ ಕಸದ ಬಗ್ಗೆ. ಸ್ಕ್ರೂ ಬಿಚ್ಚಿ, ಧೂಳು ತೆಗೆದು, ಕಡ್ಡಿ ಸೇರಿಸಿದ ಯಂತ್ರವನ್ನು ತಂತ್ರಾಂಶ ಒಪ್ಪದಿದ್ದರೆ ರಿಪೇರಿಯ ಹಕ್ಕು ಎಲ್ಲಿ ಉಳಿಯಿತು? ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳು ಅಚ್ಚಾಗಿರುತ್ತದೆ. ಕಂಪ್ಯೂಟರ್ ಡಬ್ಬಿಯ ಮೇಲೂ ಹಾಗೇ ಅಚ್ಚಾಗಲಿ: ಈ ಪ್ರೊಸೆಸರಿಗೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ, ಖಚಿತವಾಗಿ. ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಆ ಅಪ್ಪ ಕಂತು ಮುಗಿಯುವ ತಿಂಗಳನ್ನೂ ಡಬ್ಬಿಯ ಮೇಲಿನ ತಿಂಗಳನ್ನೂ ಪಕ್ಕಪಕ್ಕ ಇಟ್ಟು ನೋಡಲಿ.