ಶಾಲೆಯ ಲೆಕ್ಕವನ್ನು ಊರು ಓದಬೇಕು

ನಮ್ಮ ಸಂಸ್ಥೆಯ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರೊಂದಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸಕ್ಕೆ ಬರುವ ಹುಡುಗನಿಗೆ ದಾಸ್ತಾನು ಪುಸ್ತಕ ಬರೆಯಲು ಬಾರದು, ಶೇಕಡಾವಾರು ಲೆಕ್ಕ ತಿಳಿಯದು, ಅಳತೆಪಟ್ಟಿ ಓದುವುದನ್ನೂ ಹೊಸದಾಗಿ ಕಲಿಸಬೇಕು ಎಂಬುದೇ ಆ ದೂರು. ಆದರೆ ಆತ ಓದಿದ ಶಾಲೆಯ ಪ್ರಸ್ತಾಪ ಬಂದೊಡನೆ "ಅದು ಸರ್ಕಾರದ ಕೆಲಸ" ಎಂದು ನಾವು ಮಾತು ಮುಗಿಸುತ್ತೇವೆ. ಈ ಉದಾಸೀನಕ್ಕೆ ನಮ್ಮ ಮನೋಧರ್ಮವೊಂದೇ ಕಾರಣವಲ್ಲ. ಶಾಲೆಗೆ ಹಣ ಹರಿದುಬರುವ ದಾರಿಯೂ ಕಾರಣವಾಗಿದೆ. ಇದನ್ನು ಮನಗಾಣಲು ಅಮೆರಿಕದ ಶಾಲಾ ಜಿಲ್ಲೆಗಳ ಲೆಕ್ಕವನ್ನೊಮ್ಮೆ ಪರಿಶೀಲಿಸುವುದು ಉಪಯುಕ್ತ.

ಅಲ್ಲಿ ಶಾಲಾ ಜಿಲ್ಲೆಯೆಂದರೆ ನಮ್ಮ ಕಂದಾಯ ಜಿಲ್ಲೆಯಂತಹದಲ್ಲ. ಒಂದು ಸಣ್ಣ ಪಟ್ಟಣ ಹಾಗೂ ಅದರ ಸುತ್ತಲಿನ ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವುದಕ್ಕಾಗಿಯೇ ಇರುವ ಸ್ಥಳೀಯ ಆಡಳಿತ ಘಟಕವದು. ಇಂತಹ ಸುಮಾರು 13,000 ಘಟಕಗಳು ಆ ದೇಶದಲ್ಲಿವೆ. ಬಹುತೇಕ ಕಡೆ ಮತದಾರರು ಆರಿಸಿದ ಮಂಡಳಿಯೇ ಆಯವ್ಯಯ ಪತ್ರವನ್ನು ಅಂಗೀಕರಿಸುತ್ತದೆ. ದೇಶದ ಒಟ್ಟಾರೆ ಲೆಕ್ಕದಲ್ಲಿ ಶಾಲೆಗಳ ಆದಾಯದ ಶೇ. 45ರ ಆಸುಪಾಸು ಸ್ಥಳೀಯ ಮೂಲಗಳಿಂದ, ಅದರಲ್ಲೂ ಮುಖ್ಯವಾಗಿ ಆಸ್ತಿ ತೆರಿಗೆಯಿಂದ ಬರುತ್ತದೆ. ಅಂಗಡಿ, ಗಿರಣಿ, ಉಗ್ರಾಣಗಳ ಒಡೆಯರು ತಮ್ಮ ಮಕ್ಕಳು ಆ ಶಾಲೆಯಲ್ಲಿ ಓದಲಿ, ಓದದಿರಲಿ, ತೆರಿಗೆ ತೆರಲೇಬೇಕು. ತೆರಿಗೆಯ ಚೀಟಿ ಕೈಸೇರಿದವನು ಆ ಹಣ ಏನಾಯಿತೆಂದು ಕೇಳದೆ ಇರಲಾರ.

ಹಾಗೆಂದು ಆ ಪದ್ಧತಿಯನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ಪ್ರದೇಶದ ಎರಡು ಶಾಲಾ ಜಿಲ್ಲೆಗಳ 1967-68ರ ಲೆಕ್ಕ ನ್ಯಾಯಾಲಯದವರೆಗೂ ಹೋಯಿತು. ಬಡವರೇ ಹೆಚ್ಚಾಗಿದ್ದ ಎಡ್ಜ್‌ವುಡ್‌ನಲ್ಲಿ 100 ಡಾಲರ್ ಆಸ್ತಿ ಮೌಲ್ಯಕ್ಕೆ 1.05 ಡಾಲರ್ ತೆರಿಗೆ; ಸಿರಿವಂತರ ಆಲಮೊ ಹೈಟ್ಸ್‌ನಲ್ಲಿ ಕೇವಲ 85 ಸೆಂಟ್. ಆದರೂ ಎಲ್ಲ ಮೂಲಗಳೂ ಸೇರಿ ಪ್ರತಿ ವಿದ್ಯಾರ್ಥಿಗೆ ದೊರೆತ ಮೊತ್ತ ಎಡ್ಜ್‌ವುಡ್‌ನಲ್ಲಿ 356 ಡಾಲರ್, ಆಲಮೊ ಹೈಟ್ಸ್‌ನಲ್ಲಿ 594 ಡಾಲರ್. ಹೆಚ್ಚಿನ ದರದಲ್ಲಿ ತೆರಿಗೆ ತೆತ್ತವರ ಮಕ್ಕಳಿಗೇ ಕಡಿಮೆ ದೊರೆಯಿತು. ಇದು ಒಕ್ಕೂಟದ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ 5-4ರ ಬಹುಮತದಿಂದ ತೀರ್ಪಿತ್ತಿತು. ಟೆಕ್ಸಾಸಿನ ಉಚ್ಚತಮ ನ್ಯಾಯಾಲಯವು ರಾಜ್ಯ ಸಂವಿಧಾನದ ಆಧಾರದ ಮೇಲೆ ಆ ವ್ಯವಸ್ಥೆಯನ್ನು ರದ್ದುಪಡಿಸಲು 1989ರವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ಈ ದೋಷವಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರ ವೇತನಕ್ಕೆ ಊರಿನ ಆಸ್ತಿ ಮೌಲ್ಯ ಆಧಾರವಲ್ಲ. ಹಿಂದುಳಿದ ಹೋಬಳಿಯಲ್ಲಿಯೂ ದೊಡ್ಡ ನಗರದಲ್ಲಿಯೂ ವೇತನ ಶ್ರೇಣಿ ಒಂದೇ. ಇದು ಬಿಟ್ಟುಕೊಡಬಾರದ ಗುಣ. ಆದರೆ ಇದೇ ಕಾರಣದಿಂದ ಹಣದ ಮೇಲಿನ ಊರಿನ ಕಣ್ಣು ಮಂಜಾಗಿದೆ. ನಾವೆಲ್ಲರೂ ಆದಾಯ ತೆರಿಗೆಯೊಡನೆ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಉಪಕರವನ್ನು ತೆರುತ್ತೇವೆ. ಅದರಲ್ಲಿ ನಮ್ಮೂರ ಶಾಲೆಗೆ ಏನು ತಲುಪಿತೆಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ವಿಚಾರಿಸುವ ದಾರಿಯನ್ನು ಕಾನೂನು ಮುಚ್ಚಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಪ್ರಕರಣದಂತೆ ಸರ್ಕಾರಿ ಶಾಲೆಗೊಂದು ನಿರ್ವಹಣಾ ಸಮಿತಿಯಿರಬೇಕು; ನಮ್ಮಲ್ಲಿ ಎಸ್‌ಡಿಎಂಸಿ ಎಂಬ ಹೆಸರಿನಿಂದ ಅದು ಪರಿಚಿತ. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಅನುದಾನದ ಬಳಕೆಯನ್ನು ಗಮನಿಸುವುದು ಈ ಸಮಿತಿಯ ಕರ್ತವ್ಯ. 22ನೇ ಪ್ರಕರಣದಂತೆ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಸರ್ಕಾರದ ಯೋಜನೆ ಹಾಗೂ ಅನುದಾನಗಳಿಗೆ ಅದೇ ಆಧಾರವಾಗಬೇಕು. ಅಂದರೆ ಬೇಡಿಕೆಯ ಪಟ್ಟಿ ಕೆಳಗಿನಿಂದ ಮೇಲಕ್ಕೆ ಹೋಗಬೇಕೆಂಬುದೇ ಶಾಸನದ ಆಶಯ.

ನಾವು ಮಾಡುತ್ತಿರುವುದಾದರೂ ಏನು? ಫ್ಯಾನು, ಬೀರು, ಗಣಕಯಂತ್ರ ಕೊಟ್ಟು ಅದರ ಮೇಲೆ ಹೆಸರು ಬರೆಸುತ್ತೇವೆ. ನಾನು ಕಂಡ ಶಾಲೆಯೊಂದರಲ್ಲಿ ದಾನವಾಗಿ ಬಂದ ಗಣಕಯಂತ್ರಗಳು ಬ್ಯಾಟರಿ ಬದಲಿಸಲು ಹಣವಿಲ್ಲದೆ ವರ್ಷಗಟ್ಟಲೆ ಬಟ್ಟೆ ಹೊದ್ದು ಕುಳಿತಿದ್ದವು. ನಿರ್ವಹಣಾ ವೆಚ್ಚಕ್ಕೆ ಅವಕಾಶ ಮಾಡದೆ ಬಂಡವಾಳ ಹೂಡುವ ತಪ್ಪನ್ನು ನಮ್ಮ ಕಾರ್ಖಾನೆಯಲ್ಲಿ ನಾವು ಎಂದಿಗೂ ಮಾಡುವುದಿಲ್ಲ. ಶಾಲೆಯಲ್ಲಿ ಅದನ್ನೇ ಧರ್ಮವೆಂದು ಭಾವಿಸುತ್ತೇವೆ.

ಈ ದಿಶೆಯಲ್ಲಿ ಸದಸ್ಯರ ಮುಂದೆ ಮೂರು ಸಲಹೆಗಳನ್ನಿಡಬಯಸುತ್ತೇನೆ. ಮೊದಲನೆಯದಾಗಿ, ದಾನ ನೀಡುವ ಮುನ್ನ ಶಾಲಾ ಅಭಿವೃದ್ಧಿ ಯೋಜನೆಯನ್ನು ಕೇಳಿ ಪಡೆಯೋಣ. ಅದರಲ್ಲಿರುವುದನ್ನೇ ಕೊಡೋಣ, ಐದು ವರ್ಷಗಳ ದುರಸ್ತಿಯ ಹಣವನ್ನೂ ಸೇರಿಸಿಯೇ ಕೊಡೋಣ. ಎರಡನೆಯದಾಗಿ, ನಮ್ಮಲ್ಲಿನ ಲೆಕ್ಕಪರಿಶೋಧಕರು ಹಾಗೂ ತೆರಿಗೆ ಸಲಹೆಗಾರರು ವರ್ಷಕ್ಕೆರಡು ದಿನ ಬಿಡುವು ಮಾಡಿಕೊಂಡು, ಸಮಿತಿ ಬಯಸಿದಲ್ಲಿ, ಲೆಕ್ಕ ಓದಲು ಮತ್ತು ಯೋಜನೆ ಬರೆಯಲು ನೆರವಾಗಲಿ. ಸಮಿತಿಯ ಕುರ್ಚಿ ಮಾತ್ರ ಪೋಷಕರದೇ ಆಗಿರಲಿ. ಹಣ ಕೊಟ್ಟವನು ಅಧಿಕಾರ ಕೇಳತೊಡಗಿದರೆ ಎಡ್ಜ್‌ವುಡ್‌ನ ಅನ್ಯಾಯ ಬೇರೊಂದು ಬಾಗಿಲಿನಿಂದ ನಮ್ಮಲ್ಲಿಗೂ ಬಂದೀತು.

ಮೂರನೆಯದು ಅತ್ಯಂತ ಸುಲಭ, ಆದುದರಿಂದಲೇ ನಾವು ಮರೆತಿರುವಂತಹದು. ಆ ಸಮಿತಿಯ ಪೋಷಕರು ಯಾರು? ನಮ್ಮ ಮಂಡಿಯ ಹಮಾಲರು, ನಮ್ಮ ಗಿರಣಿಯ ಹೆಣ್ಣಾಳುಗಳು, ನಮ್ಮ ಅಂಗಡಿಯ ಗುಮಾಸ್ತರು. ಸಭೆಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಹೀಗಾಗಿ ಸಭೆಗೆ ಜನ ಸೇರದು, ನಡಾವಳಿ ಪುಸ್ತಕಕ್ಕೆ ಸಹಿ ಮಾತ್ರ ಬೀಳುತ್ತದೆ. ಆ ಕೂಲಿಯನ್ನು ಕಡಿಯುವ ಕೈ ನಮ್ಮದೇ. ಸಭೆಯ ದಿನ ಅರ್ಧ ದಿನದ ವೇತನ ಸಹಿತ ರಜೆ ಕೊಡಲು ಯಾವ ಕಾಯಿದೆಯೂ ನಮ್ಮನ್ನು ಒತ್ತಾಯಿಸುವುದಿಲ್ಲ. ಯಾವ ಕಾಯಿದೆಯೂ ತಡೆಯುವುದೂ ಇಲ್ಲ. ಮುಂಬರುವ ಶೈಕ್ಷಣಿಕ ವರ್ಷದಿಂದಲಾದರೂ ನಮ್ಮ ಹಾಜರಿ ಪುಸ್ತಕದಲ್ಲಿ ಈ ಅರ್ಧ ದಿನಕ್ಕೊಂದು ಅಂಕಣ ಇರಲಿ.