ತಮಟೆ ಬೇಕು, ತಮಟೆಯವರು ಬೇಡವಾ?

ಮೊನ್ನೆ ಗಣೇಶನ ಮೆರವಣಿಗೆ ಮುಗಿದ ಮೇಲೆ ನಮ್ಮ ಶೆಟ್ಟಿಹಳ್ಳಿ ಟೀ ಅಂಗಡಿ ಮುಂದೆ ದೊಡ್ಡ ಜಗಳ. ನಾಸಿಕ್ ಡೋಲೋ, ಡೊಳ್ಳೋ, ತಮಟೆಯೋ... ಯಾವ ತಂಡ ಮೇಲು ಅಂತ! "ಡೊಳ್ಳಿನವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಬಾರಿಸ್ತಾರೆ ಕಣೋ" ಅಂದ ಒಬ್ಬ. "ನಾಸಿಕ್ ಡೋಲಿನವರ ಯೂನಿಫಾರಂ ನೋಡು, ಎಷ್ಟು ನೀಟು" ಅಂದ ಇನ್ನೊಬ್ಬ. ತಮಟೆ ಅಂದಿದ್ದು ನಾನೊಬ್ಬನೇ. "ಅದು ಸಾವಿನ ಮನೆ ವಾದ್ಯ, ಬಿಡು ಗುರು" ಅಂದುಬಿಟ್ರು.

ಅಲ್ಲಾ ಸ್ವಾಮಿ, ಅರ್ಧ ಗಂಟೆ ಮುಂಚೆ ಅದೇ ತಮಟೆ ಏಟಿಗೆ ಅಂಗಿ ಬಿಚ್ಚಿ ಕುಣಿದವರು ಇವರೇ!

ಹೆಣದ ಮುಂದೆ, ಊರಲ್ಲಿ ಡಂಗುರ ಸಾರೋಕೆ ದಲಿತರ ಕೈಲಿ ಬಲವಂತವಾಗಿ ಬಾರಿಸಿದ್ದು ಊರಿನವರು. ಕಳಂಕ ಮೆತ್ತಿಕೊಂಡಿದ್ದು ಮಾತ್ರ ವಾದ್ಯಕ್ಕೆ. ಇನ್ನು ತಮಟೆ ಮುಟ್ಟೋದೇ ಬೇಡ ಅನ್ನೋ ದಲಿತರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ದಲಿತ ಸಂಘರ್ಷ ಸಮಿತಿಯವರು ಅದನ್ನೇ ಹೋರಾಟಕ್ಕೆ ತಂದರಲ್ಲ! ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದೂ ತಮಟೆಯಿಂದಲೇ.

ಒಂದು ಕೈಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ, ಚರ್ಮ ಸಡಿಲವಾದರೆ ಬೆಂಕಿಗೆ ಹಿಡಿದು ಕಾಯಿಸಿ ನಾದ ಏರಿಸಬೇಕು. (ಈಗಿನ ಪ್ಲಾಸ್ಟಿಕ್ ತಮಟೆಗೆ ಬೆಂಕಿಯೂ ಬೇಡ, ಆ ನಾದವೂ ಇಲ್ಲ, ಬಿಡಿ.) ಇದೇನು ಕಮ್ಮಿ ವಿದ್ಯೆಯಾ?

ಜಗಳ ಮುಗಿಯೋ ಹೊತ್ತಿಗೂ ತಮಟೆಯವರು ಫುಟ್‌ಪಾತಲ್ಲಿ ಕೂತು ದುಡ್ಡಿಗೆ ಕಾಯ್ತಿದ್ರು. ನಾಸಿಕ್ ಡೋಲಿನವರಿಗೆ ಅಡ್ವಾನ್ಸೇ ಕೊಟ್ಟಾಗಿತ್ತು. ತಮಟೆ ತಂಡ ನೋಡೋಕೆ ಚೆನ್ನಾಗಿರಲ್ಲ ಅನ್ನೋರು ಮುಂದಿನ ವರ್ಷ ಅವರಿಗೂ ಅಡ್ವಾನ್ಸು, ಊಟಕ್ಕೆ ಕೂರೋಕೊಂದು ಕುರ್ಚಿ ಕೊಟ್ಟು ಆಮೇಲೆ ಮಾತಾಡಲಿ. ಏನಂತೀರಿ?