ಕಪ್ಪು ಬೆಲ್ಟಿನ ಮುಂದೆ ಮೌನವಾಗುವ ಹೆತ್ತವರು

ಬೇಸಿಗೆ ರಜೆ ಸಮೀಪಿಸಿತೆಂದರೆ ನಮ್ಮ ಪಟ್ಟಣಗಳ ವಿದ್ಯುತ್ ಕಂಬಗಳಲ್ಲಿ ಕರಾಟೆ ತರಗತಿಗಳ ಫಲಕಗಳು ತೂಗತೊಡಗುತ್ತವೆ. ಗಾಳಿಯಲ್ಲಿ ಒದೆಯುತ್ತಿರುವ ಬಾಲಕ, ಪಕ್ಕದಲ್ಲಿ ಕೈಕಟ್ಟಿ ನಿಂತ ಗುರು, ಕೆಳಗೊಂದು ಮೊಬೈಲ್ ಸಂಖ್ಯೆ. 'ಆತ್ಮರಕ್ಷಣೆ, ಶಿಸ್ತು, ಏಕಾಗ್ರತೆ' ಎಂಬ ಮೂರು ಪದಗಳು ಬಹುತೇಕ ಎಲ್ಲ ಫಲಕಗಳಲ್ಲೂ ಇರುತ್ತವೆ. ಕಲಿಸುವಾತ ಎಲ್ಲಿ, ಯಾರಿಂದ, ಎಷ್ಟು ಕಾಲ ಕಲಿತಿದ್ದಾನೆ ಎಂಬ ವಿವರ ಮಾತ್ರ ಇರುವುದಿಲ್ಲ. ನಾವದನ್ನು ಕೇಳುವುದೂ ಇಲ್ಲ. ಶುಲ್ಕವೆಷ್ಟು, ಸಮಯ ಯಾವುದು, ಕಪ್ಪು ಬೆಲ್ಟ್ ಎಷ್ಟು ವರ್ಷಕ್ಕೆ ಸಿಗುತ್ತದೆ ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿಯುತ್ತದೆ. ಮಾರುಕಟ್ಟೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳುವ ನಾವು, ಏಳು ವರ್ಷದ ಮಗುವನ್ನು ಒಬ್ಬ ಅಪರಿಚಿತನ ಕೈಗೆ ಒಪ್ಪಿಸುವಾಗ ಆತನ ಸೊಂಟಪಟ್ಟಿಯ ಬಣ್ಣವನ್ನಷ್ಟೇ ನೋಡುತ್ತೇವೆ.

ಇಷ್ಟಕ್ಕೂ, ಆ ಬಣ್ಣದ ಬೆಲೆಯೇನು? 1882ರಲ್ಲಿ ಜೂಡೊ ಕಲೆಯನ್ನು ಸ್ಥಾಪಿಸಿದ ಜಪಾನಿನ ಕಾನೊ ಜಿಗೊರೊ, ವಿದ್ಯಾರ್ಥಿಯ ಕಲಿಕೆಯ ಮಟ್ಟವನ್ನು ಗುರುತಿಸುವುದಕ್ಕಾಗಿ ಶ್ರೇಣಿ ಪದ್ಧತಿಯನ್ನು ತಂದರು. ಓಕಿನಾವ ದ್ವೀಪದ ಕರಾಟೆಯನ್ನು 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶಿಸಿದ ಫುನಕೋಶಿ ಗಿಚಿನ್ ಆ ಪದ್ಧತಿಯನ್ನು ತಮ್ಮ ಕಲೆಗೂ ಅಳವಡಿಸಿಕೊಂಡರು. ಅದಕ್ಕೂ ಮುನ್ನ ಕರಾಟೆ ಇತ್ತು, ಬೆಲ್ಟ್ ಇರಲಿಲ್ಲ. ಕಪ್ಪು ಬೆಲ್ಟಿನ ಪ್ರಥಮ ಶ್ರೇಣಿಗೆ ಜಪಾನಿಯರು 'ಶೋದಾನ್' ಎನ್ನುತ್ತಾರೆ. ಆರಂಭದ ಮೆಟ್ಟಿಲು ಎಂದು ಅದರರ್ಥ. ಆದರೆ ನಮ್ಮಲ್ಲಿ ಏನಾಗಿದೆ? ಕೆಲವು ತಿಂಗಳಿಗೊಮ್ಮೆ ಪರೀಕ್ಷೆ, ಪರೀಕ್ಷೆಗೊಂದು ಶುಲ್ಕ, ಬೆಲ್ಟಿಗೊಂದು ಶುಲ್ಕ, ಪ್ರಮಾಣಪತ್ರಕ್ಕೆ ಇನ್ನೊಂದು. ಅನುತ್ತೀರ್ಣನಾದ ಮಗು ಎಂಬುದೇ ಇಲ್ಲ. ಕೊನೆಗೆ ಕಪ್ಪು ಬೆಲ್ಟ್ ಬಂದ ದಿನ ಪತ್ರಿಕೆಗೆ ಭಾವಚಿತ್ರ ಕಳುಹಿಸಿ, ಮರುದಿನದಿಂದ ಅಭ್ಯಾಸ ಬಂದ್. ಆರಂಭದ ಮೆಟ್ಟಿಲು ಇಲ್ಲಿ ಮಾರಾಟದ ಕೊನೆಯ ಕಂತು.

ಹಾಗಂತ, ಕಲಿಸುವವರೆಲ್ಲ ವ್ಯಾಪಾರಿಗಳೆಂದು ನಾವು ಹೇಳುವುದಿಲ್ಲ. ಬಾಡಿಗೆ ಸಭಾಂಗಣದಲ್ಲಿ ಅಲ್ಪ ಶುಲ್ಕಕ್ಕೆ, ಬಡ ಮಕ್ಕಳಿಗೆ ಅದೂ ಇಲ್ಲದೆ ಬೆವರು ಸುರಿಸಿ ಕಲಿಸುವ ಗುರುಗಳಿದ್ದಾರೆ. ಪ್ರಶ್ನಿಸುವ ಹೆತ್ತವರಿಲ್ಲದ ಊರಿನಲ್ಲಿ ಮೊದಲು ಸೋಲುವವರು ಅವರೇ. ಏಕೆಂದರೆ ವರ್ಷಕ್ಕೊಂದೇ ಪರೀಕ್ಷೆ ನಡೆಸುವ ಪ್ರಾಮಾಣಿಕ ಗುರುವನ್ನು ಬಿಟ್ಟು, ಮೂರು ಬಣ್ಣ ಕೊಡುವ ಪಕ್ಕದ ಬೀದಿಯವನ ಬಳಿಗೆ ನಾವೇ ಮಕ್ಕಳನ್ನು ಸಾಗಿಸುತ್ತೇವೆ.

ಇನ್ನು ಪ್ರದರ್ಶನದ ಹುಚ್ಚು. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಹತ್ತು ವರ್ಷದ ಬಾಲಕ ಹಣೆಯಿಂದ ಹಂಚು ಒಡೆಯುತ್ತಾನೆ. ಮತ್ತೊಬ್ಬನನ್ನು ಮಲಗಿಸಿ ಹೊಟ್ಟೆಯ ಮೇಲೆ ಬೈಕ್ ಹರಿಸುತ್ತಾರೆ. ತಂದೆ ಮೊಬೈಲ್ ಎತ್ತಿ ಚಿತ್ರೀಕರಿಸುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದುವಾದ ಭಾಗವಿರುತ್ತದೆ, ಅಲ್ಲಿಗೆ ಬೀಳುವ ಪೆಟ್ಟು ಕೈಕಾಲುಗಳ ಬೆಳವಣಿಗೆಯನ್ನೇ ಕುಂಠಿತಗೊಳಿಸಬಹುದು ಎಂಬುದು ಚಪ್ಪಾಳೆ ತಟ್ಟುವವರಿಗೆ ಗೊತ್ತಿಲ್ಲವೇ? ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು 2016ರಲ್ಲಿ ಪ್ರಕಟಿಸಿದ ವರದಿಯು, ಮಕ್ಕಳು ಹೊಡೆತ ತಗಲದ ಅಭ್ಯಾಸದಿಂದಲೇ ಆರಂಭಿಸಬೇಕು, ಮೆತ್ತನೆಯ ಶಿರಸ್ತ್ರಾಣವು ಮಿದುಳಿನ ಆಘಾತವನ್ನು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲ ಎಂದು ಹೇಳಿದೆ. ಶಿರಸ್ತ್ರಾಣವಿದ್ದಾಗಲೇ ಈ ಮಾತು. ನಮ್ಮ ಮಕ್ಕಳಾದರೋ ಬರಿಯ ಹಣೆಯಲ್ಲಿ ಹಂಚು ಒಡೆಯುತ್ತಿದ್ದಾರೆ. ಆತ್ಮರಕ್ಷಣೆಗೂ ಹಂಚಿಗೂ ಏನು ಸಂಬಂಧ? ಹಂಚು ಯಾರ ಮೇಲೂ ದಾಳಿ ಮಾಡುವುದಿಲ್ಲ.

ಆದರೆ ನಮ್ಮ ನಿಜವಾದ ಆತಂಕ ಇದಕ್ಕಿಂತಲೂ ಆಳವಾದುದು. ಮಗುವನ್ನು ಕರಾಟೆಗೆ ಕಳುಹಿಸುವ ಹೆತ್ತವರ ಮನಸ್ಸಿನಲ್ಲಿರುವುದು ಕತ್ತಲ ಓಣಿಯಲ್ಲಿ ಅಡ್ಡಗಟ್ಟುವ ಅಪರಿಚಿತ. ವಾಸ್ತವವೇನು? ಪೋಕ್ಸೊ ಪ್ರಕರಣಗಳ ಪೈಕಿ ಬಹುಪಾಲಿನಲ್ಲಿ ಆರೋಪಿಯು ಮಗುವಿಗೆ ಪರಿಚಿತನೇ ಆಗಿರುತ್ತಾನೆ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ಮತ್ತೆ ಮತ್ತೆ ತೋರಿಸಿವೆ. ಬಂಧು, ನೆರೆಯವ, ಕಲಿಸುವವ. ಅಂಥವನನ್ನು ಮಗು ಒದೆಯಲಾರದು. ಅದಕ್ಕೆ ಬೇಕಿರುವುದು 'ಬೇಡ' ಎನ್ನುವ, ಮನೆಗೆ ಬಂದು ಹೇಳುವ ಧೈರ್ಯ. ಆದರೆ ಅನೇಕ ತರಗತಿಗಳಲ್ಲಿ ಶಿಸ್ತಿನ ಹೆಸರಲ್ಲಿ ಕಲಿಸಲಾಗುತ್ತಿರುವುದು ತದ್ವಿರುದ್ಧವಾದುದನ್ನು. ಸರ್ ಹೇಳಿದ್ದನ್ನು ಪ್ರಶ್ನಿಸಬಾರದು, ಬೆತ್ತದ ಪೆಟ್ಟು ಬಿದ್ದರೆ ಅಳಬಾರದು, ಇಲ್ಲಿ ನಡೆದುದನ್ನು ಹೊರಗೆ ಹೇಳಬಾರದು. ಇದು ಆತ್ಮರಕ್ಷಣೆಯೇ ಅಥವಾ ಶರಣಾಗತಿಯ ತರಬೇತಿಯೇ? ಮೈಮುಟ್ಟಿ ತಿದ್ದುವುದು ಈ ಕಲೆಯಲ್ಲಿ ಅನಿವಾರ್ಯ. ಆದ್ದರಿಂದಲೇ ಬಾಗಿಲು ತೆರೆದಿರಬೇಕು, ಹೆತ್ತವರು ಯಾವಾಗ ಬಂದರೂ ಕುಳಿತು ನೋಡುವಂತಿರಬೇಕು. 'ವಿಶೇಷ ತರಬೇತಿ'ಯ ನೆಪದಲ್ಲಿ ಮಗುವನ್ನು ಒಂಟಿಯಾಗಿ ಉಳಿಸಿಕೊಳ್ಳುವುದು, ಜೊತೆಗೆ ಹೋಗುವ ಹಿರಿಯರಿಲ್ಲದೆ ಹೊರ ಊರಿನ ಪಂದ್ಯಾಟಕ್ಕೆ ಕರೆದೊಯ್ಯುವುದು ಇವಕ್ಕೆ ಒಪ್ಪಲೇಬಾರದು. ಮುಂದಿನ ಬೆಲ್ಟಿನ ಆಸೆಗೆ ದೂರನ್ನು ನುಂಗುವ ಹೆತ್ತವರು ಇನ್ನೊಂದನ್ನೂ ತಿಳಿದಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯಿದೆಯ 19ನೇ ಕಲಮು ಹೇಳುತ್ತದೆ. 'ಊರಿನಲ್ಲಿ ಮಾತಾಗುತ್ತದೆ' ಎಂದು ಮುಚ್ಚಿಡುವುದು ಅದೇ ಕಾಯಿದೆಯಡಿ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098.

ನಮ್ಮವರ ಚರ್ಚೆ ನಡೆಯುವುದಾದರೂ ಎಲ್ಲಿ? ಗುರುವಿಗೆ ಬಾಗಿ ವಂದಿಸಬಹುದೇ ಎಂಬ ಬಗ್ಗೆ ಇಶಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ತಾಸುಗಟ್ಟಲೆ ಮಾತಾಗುತ್ತದೆ. ಪ್ರಶ್ನೆ ಸಣ್ಣದೆಂದು ನಾವು ಹೇಳಲಾರೆವು. ಗುರುವಿನೊಂದಿಗೆ ಮುಖಾಮುಖಿ ಮಾತಾಡಿದರೆ ಐದು ನಿಮಿಷದಲ್ಲಿ ಇತ್ಯರ್ಥವಾಗಬಹುದಾದ ಪ್ರಶ್ನೆ ಅದು. ಅದೇ ಜಗಲಿಯಲ್ಲಿ, ಅಲ್ಲಿ ನೆಲಕ್ಕೆ ಚಾಪೆ ಹಾಸಿದೆಯೇ, ಒಬ್ಬ ಗುರುವಿನ ಮುಂದೆ ಎಷ್ಟು ಮಕ್ಕಳಿದ್ದಾರೆ, ಪೆಟ್ಟಾದರೆ ಪ್ರಥಮ ಚಿಕಿತ್ಸೆ ಬಲ್ಲವರು ಯಾರು ಎಂದು ಒಬ್ಬರಾದರೂ ಕೇಳಿದ್ದುಂಟೇ?

ಹೆಣ್ಣು ಮಕ್ಕಳ ವಿಷಯದಲ್ಲಂತೂ ನಮ್ಮ ವರ್ತನೆ ವಿಚಿತ್ರ. ಎಂಟು ವರ್ಷದವಳನ್ನು ಹೆಮ್ಮೆಯಿಂದ ಸೇರಿಸುತ್ತೇವೆ, ಹದಿಮೂರು ತುಂಬುತ್ತಲೇ ಬಿಡಿಸುತ್ತೇವೆ. ರಕ್ಷಣೆಯ ಅಗತ್ಯ ಹೆಚ್ಚುವ ವಯಸ್ಸಿಗೆ ತರಬೇತಿ ನಿಲ್ಲುತ್ತದೆ. ಉಡುಪಿನ ಕಾರಣ ಕೊಡುವವರು ಗಮನಿಸಲಿ: ವಿಶ್ವ ಕರಾಟೆ ಒಕ್ಕೂಟವು ತಲೆವಸ್ತ್ರ ಧರಿಸಿ ಸ್ಪರ್ಧಿಸಲು 2013ರಲ್ಲೇ ಅವಕಾಶ ಕೊಟ್ಟಿದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈಜಿಪ್ಟಿನ ಫರ್ಯಾಲ್ ಅಬ್ದುಲ್ ಅಝೀಝ್ ತಲೆವಸ್ತ್ರ ಧರಿಸಿಯೇ ಕರಾಟೆಯ ಚಿನ್ನ ಗೆದ್ದರು. ಆ ದೇಶದ ಮಹಿಳೆಯೊಬ್ಬರಿಗೆ ದಕ್ಕಿದ ಮೊದಲ ಒಲಿಂಪಿಕ್ ಚಿನ್ನ ಅದು. ಪುರುಷ ತರಬೇತುದಾರರು ಬೇಡವೆಂಬುದು ಇನ್ನೊಂದು ಕಾರಣ. ಒಪ್ಪೋಣ. ಆದರೆ ಹದಿಮೂರಕ್ಕೇ ಎಲ್ಲರನ್ನೂ ಬಿಡಿಸಿದರೆ ಮಹಿಳಾ ತರಬೇತುದಾರರು ಹುಟ್ಟುವುದೆಲ್ಲಿಂದ? ಇಂದು ಹದಿನೈದರಲ್ಲಿರುವ ನಾಲ್ವರು ಹುಡುಗಿಯರು ಅಭ್ಯಾಸ ಮುಂದುವರಿಸಿದರೆ, ಹತ್ತು ವರ್ಷದಲ್ಲಿ ಒಂದು ಪಟ್ಟಣಕ್ಕೆ ಸಾಲುವಷ್ಟು ತರಬೇತುದಾರರು ಸಿದ್ಧರಾಗುತ್ತಾರೆ. ಅಲ್ಲಿಯವರೆಗೆ ನೆರೆಯ ಪಟ್ಟಣದಿಂದ ಮಹಿಳಾ ತರಬೇತುದಾರರೊಬ್ಬರನ್ನು ವಾರಕ್ಕೆರಡು ಸಂಜೆ ಕರೆಸಿಕೊಳ್ಳುವುದು ಜಮಾಅತ್‌ಗಳ ಕೈಲಾಗದ ಕೆಲಸವೇನಲ್ಲ. ಸ್ಥಳದ ಕೊರತೆಯೆನ್ನುವವರು ಉತ್ತರಿಸಲಿ: ಮದುವೆಯಿಲ್ಲದ ದಿನಗಳಲ್ಲಿ ನಮ್ಮ ಶಾದಿ ಮಹಲ್‌ಗಳ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ?